ಮುಳುಗಿತಾ, ಧುಮುಕಿತಾ, ಅದ್ದಿ ಎದ್ದಿತಾ? ಕೆರೆಯಲ್ಲಿ ಕಂಡ ಗುರುತಿಲ್ಲದ ಹಕ್ಕಿಗೆ ಹೆಸರು ಹುಡುಕುವುದು ಹೀಗೆ

ಹೋದ ಡಿಸೆಂಬರ್‌ನಲ್ಲಿ ಅಕ್ಕನ ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬನವಾಸಿ ಹತ್ತಿರದ ಗುಡ್ನಾಪುರ ಕೆರೆಗೆ ಹೋಗಿದ್ದೆ. ಕದಂಬರ ರವಿವರ್ಮನ ಶಾಸನ ಸಿಕ್ಕ ಊರು ಅದು. ಮಾಣಿಗೆ ಶಾಸನ ತೋರಿಸೋಣ ಅಂತ ನನ್ನ ಲೆಕ್ಕ, ಅವನಿಗೆ ಕೆರೆ ಸಿಕ್ಕಿದ್ದೇ ಸಾಕಾಯಿತು. ದಡಕ್ಕೆ ಹೋಗಿ ಐದು ನಿಮಿಷ ಆಗಿಲ್ಲ, "ಮಾವ, ಅಲ್ಲೊಂದು ಬಾತುಕೋಳಿ ಮರಿ ಮುಳುಗೋಯ್ತು!" ಅಂತ ಕೂಗಿದ. ತಿರುಗಿ ನೋಡಿದರೆ ನೀರಿನ ಮೇಲೆ ಬಳೆ ಬಳೆಯಾಗಿ ಹರಡುತ್ತಿದ್ದ ಅಲೆ ಮಾತ್ರ. ಎಲ್ಲಿ ಅಂದೆ. ಅಲ್ಲೇ ಅಂದ. ಇಬ್ಬರೂ ಅಲ್ಲೇ ಕಣ್ಣು ನೆಟ್ಟು ನಿಂತರೆ, ಅದು ಎಡಗಡೆ ಏಳೆಂಟು ಮಾರು ಆಚೆ ಎದ್ದು, ನಮ್ಮ ಕಡೆ ಒಂದು ಸಲ ನೋಡಿ, ಮತ್ತೆ ಮಾಯ. ಅರ್ಧ ಗಂಟೆ ಹೀಗೆ ಆಟ ಆಡಿಸಿತು. ಮನೆಗೆ ಬಂದು ಮೊಬೈಲ್ ತೆಗೆದರೆ 43 ಫೋಟೋ. 40ರಲ್ಲಿ ಬರೀ ನೀರು, ಉಳಿದ ಮೂರರಲ್ಲಿ ಒಂದು ಕಪ್ಪು ಚುಕ್ಕೆ.

ಅವನನ್ನು ನೋಡಿ ನಗುವ ಹಕ್ಕು ನನಗಿಲ್ಲ. ಹಕ್ಕಿ ನೋಡಲು ಶುರು ಮಾಡಿದ ಹೊಸತರಲ್ಲಿ ಇದೇ ಹಕ್ಕಿಯನ್ನು ಬಾತುಮರಿ ಎಂದೇ ಎರಡು ವರ್ಷ ನಂಬಿಕೊಂಡಿದ್ದೆ. ಬಂದವರಿಗೆಲ್ಲ ಹಾಗೇ ತೋರಿಸಿದ್ದೆ ಕೂಡ. ಈ ಮರಿಗಳ ತಾಯಿ ಎಲ್ಲಿ, ಎರಡು ವರ್ಷ ಆದರೂ ಇವು ಯಾಕೆ ದೊಡ್ಡದಾಗಲಿಲ್ಲ ಅಂತ ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಅವತ್ತು ರಾತ್ರಿ ಅವನಿಗೆ ಹೇಳಿಕೊಟ್ಟಿದ್ದನ್ನೇ ಸ್ವಲ್ಪ ಉದ್ದ ಮಾಡಿ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಶಿರಸಿ, ಮುಂಡಗೋಡ, ಕಾರವಾರದ ಕಡೆಯ ನೀರು ನೋಡಿ ಬರೆದದ್ದು, ಆದರೆ ಮಲೆನಾಡಿನ ಯಾವ ಕೆರೆಗೂ ಹೆಚ್ಚುಕಡಿಮೆ ಆಗುತ್ತದೆ.

ಬಣ್ಣವನ್ನು ಕೊನೆಗೆ ಇಡಿ

ಗುರುತಿಲ್ಲದ ಹಕ್ಕಿ ಕಂಡರೆ ಎಲ್ಲರೂ ಮೊದಲು ಹೇಳುವುದು ಬಣ್ಣ. "ಕಪ್ಪಗಿತ್ತು" ಅನ್ನುತ್ತಾರೆ. ನೀರಿನ ಮೇಲಿರುವ ಹಕ್ಕಿಯ ಮಟ್ಟಿಗೆ ಈ ಮಾತು ಏನೂ ಕೆಲಸಕ್ಕೆ ಬರುವುದಿಲ್ಲ. ನೀರು ಹೊಳೆಯುತ್ತಿರುತ್ತದೆ, ಅದರ ಮುಂದೆ ಏನಿದ್ದರೂ ಕಪ್ಪೇ. ಅದರ ಮೇಲೆ ಗರಿ ಬೇರೆ ಒದ್ದೆ. ಕಂದು, ಬೂದು, ಹಸಿರು ಮಿಶ್ರ ಕಪ್ಪು ಎಲ್ಲಾ ಒಂದೇ ಆಗಿ ಕಾಣುತ್ತದೆ.

ಅದಕ್ಕೇ ನಿಲ್ಲುವ ಜಾಗ ಮುಖ್ಯ. ಬೆಳಿಗ್ಗೆ ಹೋದರೆ ಕೆರೆಯ ಪೂರ್ವದ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ, ಸಂಜೆ ಅದರ ಉಲ್ಟಾ. ಬಿಸಿಲು ನಿಮ್ಮ ಬೆನ್ನಿಗೆ ಬೀಳಬೇಕು, ಅಷ್ಟೇ. ನಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ಎಂಟು ಗಂಟೆಯವರೆಗೂ ಕೆರೆ ಮೇಲೆ ಮಂಜು ಕೂತಿರುತ್ತದೆ, ಆರು ಗಂಟೆಗೇ ಎದ್ದು ಓಡಿ ಏನೂ ಲಾಭ ಇಲ್ಲ. ಬಿಳಿ ಅಂಗಿ ಬೇಡ. ನಿಂತುಕೊಳ್ಳುವುದಕ್ಕಿಂತ ಪೊದೆ ಪಕ್ಕ ಕೂತರೆ ಒಳ್ಳೆಯದು. ಮಳೆಗಾಲದಲ್ಲಿ ಕೂರುವ ಮೊದಲು ಉಂಬಳ ನೋಡಿಕೊಳ್ಳಿ, ಎದ್ದ ಮೇಲೆ ಇನ್ನೊಂದು ಸಲ ನೋಡಿಕೊಳ್ಳಿ.

ಬೈನಾಕ್ಯುಲರ್ ಇದ್ದರೆ ಬಹಳ ಅನುಕೂಲ. ಕೊಳ್ಳುವವರು 8x42 ಎಂದು ಬರೆದದ್ದನ್ನು ನೋಡಿ. ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಎಂದು ಅರ್ಥ. ಇನ್ನೂ ಜಾಸ್ತಿ ಪಟ್ಟಿನದು ಬೇಕು ಅಂತ ಆಸೆಪಟ್ಟರೆ ಕೈ ನಡುಗುವುದೂ ಅಷ್ಟೇ ಪಟ್ಟು ಜಾಸ್ತಿಯಾಗಿ ಕಾಣುತ್ತದೆ, ಮುಳುಗಿ ಏಳುವ ಹಕ್ಕಿಯನ್ನು ಹುಡುಕುವಷ್ಟರಲ್ಲಿ ಅದು ಮತ್ತೆ ಮುಳುಗಿರುತ್ತದೆ.

ಮೊದಲ ಪ್ರಶ್ನೆ: ನೀರಿಗೆ ಹೋಗಿದ್ದು ಹೇಗೆ?

ಇದೊಂದನ್ನು ಸರಿಯಾಗಿ ನೋಡಿಕೊಂಡರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದ ಹಾಗೆ. ನಾನು ಮೂರು ಗುಂಪು ಮಾಡಿಕೊಂಡಿದ್ದೇನೆ.

ನೀರಿನ ಮೇಲೆ ತೇಲುತ್ತಿದ್ದದ್ದು ಅಲ್ಲಿಂದಲೇ ಒಳಗೆ ಹೋಯಿತಾ? ಅದು ಮುಳುಗುವ ಹಕ್ಕಿ. ಮೇಲಿಂದ, ಅಂದರೆ ಕೊಂಬೆಯಿಂದಲೋ ಗಾಳಿಯಿಂದಲೋ ಬಂದು ಬಿತ್ತಾ? ಅದು ಧುಮುಕುವ ಹಕ್ಕಿ. ಹಾರುತ್ತಾ ಬಂದು ನೀರನ್ನು ಮುಟ್ಟಿದ ಹಾಗೆ ಮಾಡಿ ನಿಲ್ಲದೇ ಮೇಲೆ ಹೋಯಿತಾ? ಅದು ಅದ್ದಿ ಏಳುವುದು. ಈ ಮೂರನ್ನೂ ನಾವು ಮಾತಿನಲ್ಲಿ "ಮುಳುಗಿತು" ಅಂತಲೇ ಹೇಳಿಬಿಡುತ್ತೇವೆ, ಗೊಂದಲ ಶುರುವಾಗುವುದೇ ಅಲ್ಲಿ. ಮುಳುಗುವ ಹಕ್ಕಿ ಧುಮುಕುವುದಿಲ್ಲ, ಧುಮುಕುವ ಹಕ್ಕಿ ತೇಲುತ್ತಾ ಕೂರುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಆಮೇಲೆ ಇನ್ನೆರಡು ನೋಡಬೇಕು. ಎಷ್ಟು ಹೊತ್ತು ಒಳಗಿತ್ತು? ಎದ್ದಿದ್ದು ಎಲ್ಲಿ? ಮುಳುಗಿದ ಕೂಡಲೇ ಮನಸ್ಸಿನಲ್ಲೇ ಎಣಿಸಲು ಶುರು ಮಾಡಿ. ಕಣ್ಣನ್ನು ಮುಳುಗಿದ ಜಾಗಕ್ಕೇ ಅಂಟಿಸಬೇಡಿ, ಬೈನಾಕ್ಯುಲರ್ ಕೆಳಗಿಳಿಸಿ ಬರಿಗಣ್ಣಿನಲ್ಲಿ ಇಡೀ ಕೆರೆಯನ್ನು ನೋಡುತ್ತಾ ಇರಿ. ನಾನು, ಮಾಣಿ ಇಬ್ಬರೂ ಮಾಡಿದ ತಪ್ಪು ಅದೇ.

ಮುಳುಗುವವು

ಮಾಣಿ ಕಂಡ "ಬಾತುಮರಿ"ಯ ಹೆಸರು ಗುಳುಮುಳುಕ. ಹೆಸರಿಟ್ಟವರಿಗೆ ಕೈ ಮುಗಿಯಬೇಕು, ಗುಳುಕ್ ಅಂತ ಮುಳುಗುವ ಶಬ್ದವೇ ಹೆಸರಾಗಿದೆ. ಪಾರಿವಾಳಕ್ಕಿಂತ ಚಿಕ್ಕದು, ಉಂಡೆ ಉಂಡೆ ಮೈ. ಬಾಲ ಇಲ್ಲವೇ ಇಲ್ಲ ಎನ್ನಬಹುದು. ಹಿಂದುಗಡೆ ಹತ್ತಿ ಒತ್ತಿಟ್ಟ ಹಾಗೆ ಪೊದೆ ಪೊದೆಯಾಗಿರುತ್ತದೆ. ಕೊಕ್ಕು ನೋಡಿ: ಚಿಕ್ಕದು, ಚೂಪು. ಬಾತಿನದು ಚಪ್ಪಟೆ. ಇದೊಂದು ನೋಡಿದ್ದರೆ ನನ್ನ ಎರಡು ವರ್ಷ ಉಳಿಯುತ್ತಿತ್ತು.

ಮರಿ ಮಾಡುವ ಕಾಲದಲ್ಲಿ ಇದರ ಕೆನ್ನೆ, ಕುತ್ತಿಗೆ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ, ಕೊಕ್ಕಿನ ಬುಡದಲ್ಲಿ ಅರಿಶಿನದ ಬೊಟ್ಟು ಇಟ್ಟ ಹಾಗೆ ಹಳದಿ ಗುರುತು ಕಾಣುತ್ತದೆ. ಉಳಿದ ಕಾಲದಲ್ಲಿ ಮಂಕು ಕಂದು. ಎರಡನ್ನೂ ಬೇರೆ ಬೇರೆ ಹಕ್ಕಿ ಅಂದುಕೊಳ್ಳುವವರು ಬಹಳ ಜನ. ಮರಿಗಳ ತಲೆ, ಕತ್ತಿನ ಮೇಲೆ ಅಡಿಕೆ ಅಳಿಲಿನ ಬೆನ್ನಿನ ಹಾಗೆ ಪಟ್ಟೆ ಇರುತ್ತದೆ, ಅಪ್ಪ ಅಮ್ಮನ ಬೆನ್ನೇರಿ ಗರಿಯೊಳಗೆ ಸೇರಿಕೊಂಡು ಸವಾರಿ ಮಾಡುತ್ತವೆ. ಗೂಡು ನೀರಿನ ಕಳೆಯಲ್ಲೇ ತೇಲುತ್ತಿರುತ್ತದೆ. ಬಿಟ್ಟು ಹೋಗುವಾಗ ಮೊಟ್ಟೆಯ ಮೇಲೆ ಕಳೆ ಎಳೆದು ಮುಚ್ಚಿ ಹೋಗುವ ಬುದ್ಧಿ ಇದಕ್ಕಿದೆ.

ಇದರ ಕಾಲು ಮೈಯ ಹಿಂದಿನ ತುದಿಗೆ ಜೋಡಿಸಿದ ಹಾಗಿದೆ. ನೆಲದ ಮೇಲೆ ನಡೆಯಲು ಪರದಾಟ, ನೀರೊಳಗೆ ಮಾತ್ರ ದೋಣಿಯ ಹಿಂದೆ ಮೋಟಾರು ಇಟ್ಟ ಹಾಗೆ. ಬಾತಿನ ಹಾಗೆ ಬೆರಳುಗಳ ಮಧ್ಯೆ ಪೂರ್ತಿ ಪರೆ ಇಲ್ಲ, ಒಂದೊಂದು ಬೆರಳಿಗೂ ಎಲೆಯಂಥ ಅಂಚು. ಹೆದರಿದರೆ ಹಾರುವುದು ಅಪರೂಪ, ಮೊದಲು ಮುಳುಗುತ್ತದೆ. ತೀರಾ ಓಡಿಸಿದರೆ ನೀರಿನ ಮೇಲೆ ಪಟಪಟ ಓಡುತ್ತಾ ಹೋಗಿ ಮತ್ತೆ ಅಲ್ಲೇ ಕೂರುತ್ತದೆ. ಸಾಮಾನ್ಯವಾಗಿ 10ರಿಂದ 20 ಸೆಕೆಂಡ್ ಒಳಗಿರುತ್ತದೆ, ಎಲ್ಲೋ ಏಳುತ್ತದೆ. ಎಷ್ಟು ಎಣಿಸಿದರೂ ಏಳಲಿಲ್ಲ ಎಂದಾದರೆ ಅದು ಸತ್ತಿಲ್ಲ, ಕಳೆ ಬೆಳೆದ ಅಂಚಿನಲ್ಲಿ ಬರೀ ತಲೆ ಹೊರಗಿಟ್ಟು ನಿಮ್ಮನ್ನೇ ನೋಡುತ್ತಿರುತ್ತದೆ. ಕೂಗು ಕೇಳಿದರೆ ಇನ್ನೂ ಸುಲಭ: ಯಾರೋ ತೆಳು ದನಿಯಲ್ಲಿ ಕಿಲಕಿಲ ಕಿಲಕಿಲ ಅಂತ ಒಂದೇ ಉಸಿರಲ್ಲಿ ನಕ್ಕ ಹಾಗೆ.

ಇನ್ನು ನೀರುಕಾಗೆ. ಗುಳುಮುಳುಕ ಉಂಡೆಯಾದರೆ ಇದು ಉದ್ದ. ತೇಲುವಾಗ ಮೈ ತಗ್ಗಿ, ಬೆನ್ನು ನೀರಿನ ಮಟ್ಟಕ್ಕೇ ಬಂದಿರುತ್ತದೆ, ಕತ್ತು ನೆಟ್ಟಗೆ, ಕೊಕ್ಕು ಸ್ವಲ್ಪ ಮೇಲಕ್ಕೆ. ಮುಳುಗುವ ಮುಂಚೆ ಚಿಕ್ಕದೊಂದು ಲಾಗ ಹಾಕುತ್ತದೆ, ಬೆನ್ನು ಬಿಲ್ಲಿನ ಹಾಗೆ ಬಾಗಿ ತಲೆ ಮೊದಲು ಒಳಗೆ. ಗುಳುಮುಳುಕವೂ ಒಮ್ಮೊಮ್ಮೆ ಹೀಗೇ ಮಾಡುವುದರಿಂದ ಇದೊಂದನ್ನೇ ನಂಬಿ ಕೂರಬೇಡಿ, ಕತ್ತು ಮತ್ತು ಬಾಲ ನೋಡಿ. ನೀರುಕಾಗೆಗೆ ಉದ್ದ ಬಾಲ ಇದೆ. ಕೊಕ್ಕಿನ ತುದಿ ಕೊಕ್ಕೆಯ ಹಾಗೆ ಬಾಗಿದೆ. ಮೀನು ಹಿಡಿದು ಎದ್ದಾಗ ಗಮನಿಸಿ, ಮೀನನ್ನು ಮೇಲಕ್ಕೆ ಎಸೆದು ತಿರುಗಿಸಿ ತಲೆ ಕಡೆಯಿಂದಲೇ ನುಂಗುತ್ತದೆ. ಬಾಲದ ಕಡೆಯಿಂದ ನುಂಗಿದರೆ ಮೀನಿನ ಮುಳ್ಳು ಗಂಟಲಿಗೆ ಚುಚ್ಚುತ್ತದಲ್ವಾ.

ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದು ಕೂತಿದ್ದು ಕಂಡಿರುತ್ತೀರಿ, ಒಗೆದ ಕೊಡೆ ಒಣಗಿಸಿದ ಹಾಗೆ. ಇದರ ಗರಿ ಬಾತಿನ ಗರಿಯಷ್ಟು ನೀರು ತಡೆಯುವುದಿಲ್ಲ, ಹೊರಗಿನ ಭಾಗ ನೆನೆಯುತ್ತದೆ. ನೆನೆದರೆ ಗರಿಯೊಳಗಿನ ಗಾಳಿ ಹೋಗಿ ಮೈ ಭಾರವಾಗುತ್ತದೆ, ಮುಳುಗಲು ಸುಲಭ. ಅದಕ್ಕೆ ಕೊಡುವ ಬೆಲೆ ಈ ಒಣಗಿಸುವ ಕೆಲಸ.

ನಮ್ಮಲ್ಲಿ ನೀರುಕಾಗೆ ಮೂರು ಬಗೆ. ಚಿಕ್ಕದು ಎಲ್ಲ ಕೆರೆಯಲ್ಲೂ ಇದೆ, ಅರ್ಧ ಮೀಟರ್ ಉದ್ದ, ಮೋಟು ಕೊಕ್ಕು, ಗಿಡ್ಡ ಕತ್ತು. ಮಧ್ಯದ್ದಕ್ಕೆ ಕೊಕ್ಕು ತೆಳು ಮತ್ತು ಉದ್ದ, ಹತ್ತಿರದಿಂದ ನೋಡಿದರೆ ಕಣ್ಣು ನೀಲಿ. ದೊಡ್ಡದು ಹೆಚ್ಚುಕಡಿಮೆ ಬಾತಿಗಿಂತಲೂ ದೊಡ್ಡದು, ಗಂಟಲ ಹತ್ತಿರ ಹಳದಿ ಚರ್ಮ, ಕೆನ್ನೆ ಬಿಳಿ. ಮೊದಲ ಎರಡನ್ನು ದೂರದಿಂದ ಬೇರೆ ಮಾಡಲು ನನಗೆ ಈಗಲೂ ಎಲ್ಲ ಸಲ ಆಗುವುದಿಲ್ಲ. ಆಗದಿದ್ದಾಗ ಪುಸ್ತಕದಲ್ಲಿ "ನೀರುಕಾಗೆ" ಅಂತಷ್ಟೇ ಬರೆದು ಸುಮ್ನೆ ಬಿಡುತ್ತೇನೆ.

ಸೋಂದಾ ಹತ್ತಿರದ ಮುಂಡಿಗೆಕೆರೆಗೆ ಮಳೆಗಾಲದಲ್ಲಿ ಹೋದರೆ ಮುಂಡಿಗೆ ಪೊದೆಗಳ ಮೇಲೆ ಬೆಳ್ಳಕ್ಕಿಗಳ ಸಂಸಾರ, ಅವುಗಳ ಮಧ್ಯೆ ನೀರುಕಾಗೆಗಳೂ ಕಾಣುತ್ತವೆ. ಒಂದೇ ಚೌಕಟ್ಟಿನಲ್ಲಿ ಕರಿದು ಬಿಳಿದು ಎರಡೂ ಇರುವುದರಿಂದ ಅಳತೆ ಹೋಲಿಸಿ ಕಲಿಯಲು ಒಳ್ಳೆಯ ಜಾಗ. ಗೂಡಿನ ಕಾಲ, ದೂರದಿಂದಲೇ ನೋಡಿ.

ಹಾವಕ್ಕಿಯ ಕತೆ ಬೇರೆ. ಮುಂಡಗೋಡದ ಅತ್ತಿವೇರಿ ಜಲಾಶಯದ ಹಿನ್ನೀರಿನ ಅಂಚಿನಲ್ಲಿ ಒಮ್ಮೆ ನೀರಿನಿಂದ ಒಂದು ಮೊಳ ಮೇಲೆ ಎದ್ದು ಡೊಂಕಾಗಿ ಸಾಗುತ್ತಿದ್ದದ್ದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ಎಮ್ಮೆ ಮೈ ತೊಳೆಯುತ್ತಿದ್ದ ಅಜ್ಜ ನಗುತ್ತಾ ಹೇಳಿದರು: "ಹಾವಲ್ಲ ಮಾರಾಯ್ರೆ, ಹಕ್ಕಿನೇ. ತಡೀರಿ, ಆ ಒಣಮರ ಹತ್ತಿ ರೆಕ್ಕೆ ಒಣಗಿಸ್ತದೆ ಈಗ." ಹತ್ತು ನಿಮಿಷಕ್ಕೆ ಹಾಗೇ ಆಯಿತು. ಹಾವಕ್ಕಿ ಈಜುವಾಗ ಮೈ ಪೂರ್ತಿ ನೀರೊಳಗೆ, ಕತ್ತು ಮಾತ್ರ ಹೊರಗೆ. ಇದೂ ನೀರುಕಾಗೆಯ ಹಾಗೆ ರೆಕ್ಕೆ ಬಿಚ್ಚಿ ಕೂರುತ್ತದೆ, ಆಗ ಮೋಸ ಹೋಗಬೇಡಿ. ಕೊಕ್ಕೆ ಇಲ್ಲದ, ಭರ್ಚಿಯಂಥ ನೇರ ಕೊಕ್ಕು ಇದರದ್ದು. ನೀರೊಳಗೆ ಮೀನನ್ನು ಕಚ್ಚಿ ಹಿಡಿಯುವುದಿಲ್ಲ, ಚುಚ್ಚುತ್ತದೆ.

ಹಣೆಯಿಂದ ಕೊಕ್ಕಿನವರೆಗೆ ಬಿಳಿ ನಾಮ ಎಳೆದುಕೊಂಡ ಕಪ್ಪು ಹಕ್ಕಿ ಇದ್ದರೆ ಯೋಚನೆ ಬೇಡ, ನಾಮದ ಕೋಳಿ. ಗುಂಪಿನಲ್ಲಿರುತ್ತದೆ. ಒಂದು ಹಾರು ಹಾರಿ ಮುಳುಗುತ್ತದೆ, ಸ್ವಲ್ಪ ಹೊತ್ತಿಗೇ ಬೆಂಡಿನ ಹಾಗೆ ಪುಟಕ್ಕನೆ ಅಲ್ಲೇ ಆಸುಪಾಸು ಏಳುತ್ತದೆ, ಬಾಯಲ್ಲಿ ಕಳೆ ಎಳೆ ನೇತಾಡುತ್ತಿರುತ್ತದೆ.

ಬಾತುಗಳಲ್ಲಿ ಹೆಚ್ಚಿನವು ಮುಳುಗುವುದೇ ಇಲ್ಲ. ಚುಕ್ಕೆ ಕೊಕ್ಕಿನ ಬಾತು ತಲೆ ಕೆಳಗೆ ಮಾಡಿ, ಬಾಲ ಆಕಾಶಕ್ಕೆ ತೋರಿಸಿಕೊಂಡು ನಿಂತಿರುತ್ತದೆ. ಅದನ್ನು ಮುಳುಗು ಅಂತ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಮೈ ಹೊರಗೇ ಇದೆಯಲ್ಲ. ಆದರೆ ನಮ್ಮ ಕೆರೆಗಳ ಸಿಳ್ಳೆ ಬಾತು ಪೂರ್ತಿ ಮುಳುಗಿಯೂ ತಿನ್ನುತ್ತದೆ. ಅದು ಹಾರಿದಾಗ ಸಿಳ್ಳೆ ಹೊಡೆಯುತ್ತಲೇ ಹಾರುವುದರಿಂದ ಹೆಸರು ಕೇಳುವ ಅಗತ್ಯವೇ ಬೀಳುವುದಿಲ್ಲ.

ಹಾಂ, ಮುಳುಗಿದ್ದೆಲ್ಲ ಹಕ್ಕಿಯೂ ಅಲ್ಲ. ಕಾಳಿ, ಅಘನಾಶಿನಿ ಹೊಳೆಯ ಕಡೆ ನೀರುನಾಯಿಗಳಿವೆ. ಕಪ್ಪು ತಲೆ ಎದ್ದು, ಬುಸ್ ಅಂತ ಉಸಿರು ಬಿಟ್ಟು, ನೀರಲ್ಲಿ ಗುಳ್ಳೆಯ ಗೆರೆ ಎಳೆದುಕೊಂಡು ಹೋದರೆ ಹಕ್ಕಿ ಪುಸ್ತಕ ಮುಚ್ಚಿ.

ಧುಮುಕುವವು

ಇಲ್ಲಿ ನೋಡಬೇಕಾದ್ದು ಧುಮುಕುವ ಮೊದಲು ಎಲ್ಲಿತ್ತು ಎಂಬುದು. ಕೊಂಬೆ, ತಂತಿ, ಕಲ್ಲಿನ ಮೇಲೆ ಕೂತಿದ್ದು ಬಾಣದ ಹಾಗೆ ಹೋಗಿ ಅಲ್ಲಿಗೇ ವಾಪಸ್ ಬಂತು ಎಂದಾದರೆ ಬಹುಶಃ ಮಿಂಚುಳ್ಳಿ. ಗಾಳಿಯಲ್ಲೇ ರೆಕ್ಕೆ ಬಡಿಯುತ್ತಾ ನಿಂತ ಜಾಗದಲ್ಲೇ ನಿಂತು, ಕೊಕ್ಕು ಕೆಳಗೆ ಮಾಡಿ, ಆಮೇಲೆ ಕಲ್ಲು ಬಿದ್ದ ಹಾಗೆ ಬಿತ್ತು ಎಂದಾದರೆ ಕಪ್ಪು ಬಿಳಿ ಮಿಂಚುಳ್ಳಿ. ನಮ್ಮ ಮಿಂಚುಳ್ಳಿಗಳಲ್ಲಿ ಹೀಗೆ ಗಾಳಿಯಲ್ಲಿ ನಿಲ್ಲುವುದು ಇದರ ಕಸುಬು. ಎದೆಯ ಮೇಲೆ ಎರಡು ಕಪ್ಪು ಪಟ್ಟಿ ಇದ್ದರೆ ಗಂಡು, ಮಧ್ಯೆ ತುಂಡಾದ ಒಂದೇ ಪಟ್ಟಿ ಇದ್ದರೆ ಹೆಣ್ಣು. ಎಲ್ಲ ಹಕ್ಕಿಗಳೂ ಹೀಗೆ ಗುರುತು ಹಾಕಿಕೊಂಡು ಬಂದರೆ ಎಷ್ಟು ಚೆನ್ನಾಗಿತ್ತು.

ಗುಬ್ಬಿಗಿಂತ ಸ್ವಲ್ಪವೇ ದೊಡ್ಡದು, ನೀಲಿ ಬೆನ್ನು, ಕಿತ್ತಳೆ ಹೊಟ್ಟೆ, ನೀರಿನ ಮಟ್ಟದಲ್ಲೇ ಗೆರೆ ಎಳೆದ ಹಾಗೆ ಹಾರುವುದು ಸಣ್ಣ ಮಿಂಚುಳ್ಳಿ. ಗದ್ದೆ, ತೋಟ, ಕರೆಂಟ್ ತಂತಿ ಎಲ್ಲಾ ಕಡೆ ಕೂತು ಕಿರುಚುವ, ಚಾಕೊಲೇಟ್ ತಲೆ, ಬಿಳಿ ಎದೆ, ಕೆಂಪು ಕೊಕ್ಕಿನದು ಗದ್ದೆ ಮಿಂಚುಳ್ಳಿ. ಅದು ಮೀನಿಗಿಂತ ಹುಳ, ಕಪ್ಪೆ, ಓತಿಕ್ಯಾತ ಅಂತ ನೆಲದ್ದನ್ನೇ ಜಾಸ್ತಿ ನೆಚ್ಚಿಕೊಂಡಿದೆ. ನೆರಳು ಮುಚ್ಚಿದ ಹಳ್ಳದ ಮೇಲೆ ಕಾಗೆ ಗಾತ್ರದ ಹತ್ತಿರ ಬರುವ, ಮೈಗೆ ಮೀರಿದ ಕೆಂಪು ಕೊಕ್ಕಿನದು ಕಂಡರೆ ಅದು ಹೆಮ್ಮಿಂಚುಳ್ಳಿ. ಕರಾವಳಿಯ ಅಳಿವೆ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಹತ್ತಿರ ಚಳಿಗಾಲದಲ್ಲಿ ಕಪ್ಪು ಟೊಪ್ಪಿ ಹಾಕಿದ ಮಿಂಚುಳ್ಳಿಯೊಂದು ಸಿಗುತ್ತದೆ, ಅದು ಘಟ್ಟದ ಮೇಲಿನ ನಮ್ಮ ಕೆರೆಗಳಿಗೆ ಬರುವುದು ಕಡಿಮೆ.

ಎಲ್ಲೂ ಕೂರದೆ ನೀರಿನ ಮೇಲೆ ಅತ್ತಿಂದಿತ್ತ ಗಸ್ತು ತಿರುಗುತ್ತಾ, ಕೊಕ್ಕು ಕೆಳಗೆ ಮಾಡಿಕೊಂಡು ಹಾರುವ ಬಿಳಿ ಹಕ್ಕಿ ರೀವ. ಚೂಪು ರೆಕ್ಕೆ, ಕವಲು ಬಾಲ. ಹಳದಿ ಕೊಕ್ಕು, ಕೆಂಪು ಕಾಲು, ಕರಿ ಟೊಪ್ಪಿ ಇದ್ದರೆ ಹೊಳೆ ರೀವ. ಇನ್ನೊಂದು ಚಿಕ್ಕದು, ಮೀಸೆ ರೀವ, ಚಳಿಗಾಲದಲ್ಲಿ ಬರುತ್ತದೆ. ಅದು ಹೆಚ್ಚಾಗಿ ಧುಮುಕುವುದಿಲ್ಲ, ಮೇಲ್ಮೈಯಿಂದ ಹೆಕ್ಕಿಕೊಂಡು ಹೋಗುತ್ತದೆ. ಕಾರವಾರದ ಕಡಲ ತೀರದಲ್ಲಿ, ಕೋಡಿಬಾಗದಲ್ಲಿ ಕಾಳಿ ಸಮುದ್ರ ಸೇರುವಲ್ಲಿ ನಿಂತರೆ ಧುಮುಕುವ ರೀವಗಳೂ, ಧುಮುಕದ ಕಡಲಕ್ಕಿಗಳೂ ಅಕ್ಕಪಕ್ಕ ಸಿಗುತ್ತವೆ. ಕಡಲಕ್ಕಿ, ಅಂದರೆ ಗಲ್, ಬಾತಿನ ಹಾಗೆ ನೀರಿನ ಮೇಲೆ ಕೂತು ತೇಲುತ್ತದೆ, ಸಿಕ್ಕಿದ್ದನ್ನು ಹೆಕ್ಕುತ್ತದೆ. ರೀವ ಹಾಗೆ ತೇಲುತ್ತಾ ಕೂರುವುದು ಅಪರೂಪ. ಮೀನಿನ ದೋಣಿ ಬರುವ ಹೊತ್ತಿಗೆ ಹೋಗಿ, ಒಂದೇ ಗಂಟೆಯಲ್ಲಿ ವ್ಯತ್ಯಾಸ ತಲೆಗೆ ಹತ್ತುತ್ತದೆ.

ಕೊಕ್ಕು ಮೊದಲಾ, ಕಾಲು ಮೊದಲಾ? ಮಿಂಚುಳ್ಳಿ, ರೀವ ಎರಡೂ ಕೊಕ್ಕು ಮೊದಲು. ದೊಡ್ಡ ಹಕ್ಕಿ ಕಾಲು ಮುಂದೆ ಚಾಚಿ ಬಿತ್ತು ಎಂದಾದರೆ ಅದು ಬೇಟೆಗಾರ. ಅದರಲ್ಲೂ ಧಡಾರ್ ಅಂತ ನೀರೆರಚಿ, ಒಂದು ಕ್ಷಣ ಪೂರ್ತಿ ಮುಳುಗಿದ ಹಾಗಾಗಿ, ಆಮೇಲೆ ಕಷ್ಟಪಟ್ಟು ರೆಕ್ಕೆ ಬಡಿದು ಎದ್ದು, ಗಾಳಿಯಲ್ಲೇ ನಾಯಿ ಮೈ ಕೊಡವಿದ ಹಾಗೆ ಕೊಡವಿಕೊಂಡರೆ ಅದು ಆಸ್ಪ್ರೇ. ಚಳಿಗಾಲದ ಅತಿಥಿ. ಹೊಟ್ಟೆ ಬಿಳಿ, ಕಣ್ಣಿನ ಮೇಲೆ ಕಪ್ಪು ಪಟ್ಟಿ. ಮೀನನ್ನು ತಲೆ ಮುಂದೆ ಮಾಡಿಯೇ ಹಿಡಿದು ಒಯ್ಯುತ್ತದೆ, ಗಾಳಿಗೆ ಅಡ್ಡ ಬರಬಾರದು ನೋಡಿ. ನಮ್ಮ ಗರುಡ, ಅದೇ ಬಿಳಿ ತಲೆ ಇಟ್ಟಿಗೆ ಬಣ್ಣದ್ದು, ಅಷ್ಟು ಶ್ರಮ ಪಡುವುದಿಲ್ಲ. ಉಗುರು ತುದಿಯಲ್ಲಿ ನೀರಿನ ಮೇಲ್ಮೈಯಿಂದಲೇ ಎತ್ತಿಕೊಂಡು ಹೋಗುತ್ತದೆ, ಮೈ ಒದ್ದೆಯಾಗುವುದಿಲ್ಲ.

ಅಳತೆ, ಜಾಗ, ತಿಂಗಳು

ನೀರಿನ ಮೇಲೆ ಅಳತೆ ಬಹಳ ಮೋಸ ಮಾಡುತ್ತದೆ, ಪಕ್ಕದಲ್ಲಿ ಹೋಲಿಸಲು ಏನೂ ಇರುವುದಿಲ್ಲ. ಅಂದಾಜಿಗೆ ನಾಲ್ಕು ಹಕ್ಕಿ ಇಟ್ಟುಕೊಳ್ಳಿ: ಗುಬ್ಬಿ, ಮೈನಾ, ಪಾರಿವಾಳ, ಕಾಗೆ. "ಮೈನಾಕ್ಕಿಂತ ದೊಡ್ಡದು, ಕಾಗೆಗಿಂತ ಚಿಕ್ಕದು" ಅಂತ ಬರೆದರೆ ಸಾಕು. "ಇಷ್ಟುದ್ದ" ಅಂತ ಕೈ ಅಗಲಿಸಿ ತೋರಿಸಿದ್ದು ಮನೆಗೆ ಬರುವಷ್ಟರಲ್ಲಿ ಎರಡು ಪಟ್ಟು ಆಗಿರುತ್ತದೆ. ಹತ್ತಿರ ಬೆಳ್ಳಕ್ಕಿಯೋ ತಾವರೆ ಎಲೆಯೋ ಇದ್ದರೆ ಅದರ ಜೊತೆ ಹೋಲಿಸಿ.

ಜಾಗವೂ ಹೆಸರಿನ ಅರ್ಧ. ಅಘನಾಶಿನಿ ಅಳಿವೆಯಲ್ಲಿ ಕಾಣುವ ಹಕ್ಕಿಗಳ ಪಟ್ಟಿ ಹಿಡಿದು ಶಿರಸಿಯ ಕೋಟೆಕೆರೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ 2024ರ ಜನವರಿ ಕೊನೆಗೆ ಬಂತು, ಉಪ್ಪುನೀರು ಸಿಹಿನೀರು ಸೇರುವ ಅಲ್ಲಿಯ ಸಂಸಾರವೇ ಬೇರೆ. ನವೆಂಬರಿನಿಂದ ಫೆಬ್ರವರಿವರೆಗೆ ವಲಸೆ ಹಕ್ಕಿಗಳು ಇರುತ್ತವೆ, ಪಟ್ಟಿ ಉದ್ದ. ಜುಲೈನಲ್ಲಿ ಕೆರೆಯಲ್ಲಿ ಏನಾದರೂ ಮುಳುಗಿದರೆ ಅದು ಇಲ್ಲೇ ಹುಟ್ಟಿ ಬೆಳೆದ ನಾಲ್ಕೈದರಲ್ಲಿ ಒಂದು. ಮೊದಲು ಮಾಮೂಲಿ ಹಕ್ಕಿಯನ್ನೇ ಅನುಮಾನಿಸಿ, ಅಪರೂಪದ್ದನ್ನು ಆಮೇಲೆ.

ಮೊಬೈಲ್ ಹಿಡಿದವರಿಗೆ

ಫೋಟೋ ಬದಲು ವಿಡಿಯೋ ಮಾಡಿ. ಹಕ್ಕಿ ಎದ್ದ ಮೇಲೆ ಗುಂಡಿ ಒತ್ತಲು ಹೋದರೆ ನಮ್ಮ ಮಾಣಿಯ ಹಾಗೆ 40 ನೀರಿನ ಫೋಟೋ ಸಿಗುತ್ತದೆ. ವಿಡಿಯೋ ಓಡುತ್ತಿದ್ದರೆ ಮುಳುಗಿದ ರೀತಿ, ಹೊತ್ತು, ಎದ್ದ ಜಾಗ ಮೂರೂ ಅದರಲ್ಲೇ ಇರುತ್ತದೆ. ಬೈನಾಕ್ಯುಲರಿನ ಕಣ್ಣಿಡುವ ಕಡೆ ಮೊಬೈಲಿನ ಕ್ಯಾಮೆರಾ ಒತ್ತಿ ಹಿಡಿದೂ ತೆಗೆಯಬಹುದು. ಸ್ವಲ್ಪ ಅಭ್ಯಾಸ ಬೇಕು, ಮೊದಲ ದಿನ ಸಿಟ್ಟು ಬರುತ್ತದೆ.

ಮರ್ಲಿನ್ ಎಂಬ ಆ್ಯಪ್ ಪುಕ್ಕಟೆ ಸಿಗುತ್ತದೆ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಹಕ್ಕಿ ಪ್ರಯೋಗಾಲಯದವರದ್ದು. ಎಲ್ಲಿ, ಯಾವತ್ತು, ಎಷ್ಟು ದೊಡ್ಡದು, ಯಾವ ಬಣ್ಣ, ಏನು ಮಾಡುತ್ತಿತ್ತು ಅಂತ ಕೇಳಿ ಒಂದು ಪಟ್ಟಿ ಕೊಡುತ್ತದೆ. ಭಾರತದ ಹಕ್ಕಿಗಳ ಕಟ್ಟನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಿ, ನಮ್ಮ ಕೆರೆಗಳ ಹತ್ತಿರ ನೆಟ್‌ವರ್ಕ್ ಇದ್ದರೆ ಅದೇ ಅಪರೂಪದ ಹಕ್ಕಿ. ಪಟ್ಟಿಯ ಮೊದಲ ಹೆಸರನ್ನೇ ಕಣ್ಣು ಮುಚ್ಚಿ ಒಪ್ಪಬೇಡಿ. ಬಣ್ಣ ಕೇಳಿದಲ್ಲಿ ಅನುಮಾನ ಇದ್ದರೆ ಒಂದನ್ನೇ ಹಾಕಿ, ಸುಳ್ಳು ಬಣ್ಣ ಕೊಟ್ಟರೆ ಸುಳ್ಳು ಹೆಸರು ಬರುತ್ತದೆ. ಅವರದ್ದೇ ಇ-ಬರ್ಡ್ ಎಂಬುದರಲ್ಲಿ ನಿಮ್ಮ ಜಿಲ್ಲೆಯಲ್ಲಿ ಯಾವ ತಿಂಗಳು ಏನೇನು ಕಂಡಿದೆ ಎಂದು ನೋಡಬಹುದು, ಅನುಮಾನ ಪರಿಹಾರಕ್ಕೆ ನನಗೆ ಅದೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ತಿಳಿದವರಿಗೆ ಕಳಿಸುವಾಗ ಬರೀ ಫೋಟೋ ಹಾಕಿ "ಇದು ಯಾವುದು?" ಅಂತ ಕೇಳಿದರೆ ಪಾಪ, ಅವರಾದರೂ ಏನು ಹೇಳಬೇಕು. ನನ್ನ ಪುಸ್ತಕದ ಒಂದು ಪುಟ ಹೀಗಿದೆ: "ಗುಡ್ನಾಪುರ ಕೆರೆ, ಡಿಸೆಂಬರ್, ಬೆಳಿಗ್ಗೆ 8.40. ತೇಲುತ್ತಿತ್ತು, ಅಲ್ಲಿಂದಲೇ ಮುಳುಗಿತು. 14 ಎಣಿಸುವಷ್ಟು ಹೊತ್ತು. ಏಳೆಂಟು ಮಾರು ಎಡಕ್ಕೆ ಎದ್ದಿತು. ಪಾರಿವಾಳಕ್ಕಿಂತ ಚಿಕ್ಕದು. ಬಾಲ ಇಲ್ಲ. ಕೊಕ್ಕು ಚೂಪು. ಒಂದೇ ಇತ್ತು. ಬಣ್ಣ ಮಂಕು ಕಂದು." ಇಷ್ಟು ಓದಿದರೆ ಫೋಟೋ ಇಲ್ಲದೆಯೂ ಹೆಸರು ಹೇಳಬಹುದು, ಅಲ್ವಾ?

ಯಾವ ಪಟ್ಟಿಗೂ ಸಿಗದ್ದು

ಕೊನೆಗೆ ಅದ್ದಿ ಏಳುವವರ ಗುಂಪು. ಇದರಲ್ಲಿ ಮೀನು ಹಿಡಿಯದವರೇ ಜಾಸ್ತಿ. ಅಂಬರಗುಬ್ಬಿ ಹಾರುತ್ತಲೇ ಕೊಕ್ಕಿನಲ್ಲಿ ನೀರು ಕುಡಿಯುತ್ತದೆ. ಕಳ್ಳಿಪೀರ, ಕಾಜಾಣ ಮೇಲಿಂದ ಬಂದು ಎದೆ ಬಡಿದು ಏಳುವುದು ಸ್ನಾನಕ್ಕೆ. ಇವನ್ನು ನೀರಿನ ಹಕ್ಕಿಗಳ ಪುಟದಲ್ಲಿ ಹುಡುಕಿ ಹುಡುಕಿ ಸೋತವರಿದ್ದಾರೆ. ಒಬ್ಬ ನಾನೇ.

ನಮ್ಮ ತೋಟದ ತಲೆಯಲ್ಲಿ ಒಂದು ಚಿಕ್ಕ ಕೆರೆ ಇದೆ, ಅಡಿಕೆಗೆ ನೀರು ಬಿಡುವುದು ಅಲ್ಲಿಂದಲೇ. ಕೆಲವು ವರ್ಷದ ಹಿಂದೆ ಒಂದು ಸಂಜೆ ಬೆಳಕು ಮಸುಕಾಗುವ ಹೊತ್ತಿಗೆ ಬಿಳಿ ರಿಬ್ಬನ್ ಥರದ್ದೊಂದು ಮೇಲಿಂದ ಬಂದು ನೀರಿಗೆ ಬಿದ್ದು, ಚಿಟಕ್ಕನೆ ಎದ್ದು, ಜಾಯಿಕಾಯಿ ಮರದ ಕೊಂಬೆಗೆ ಹೋಯಿತು. ಮೈ ಕೊಡವಿತು. ಮತ್ತೆ ಬಿತ್ತು. ಮೂರು ಸಲ. ಅಪರೂಪದ ರೀವ ಇರಬೇಕು ಅಂತ ಎದೆ ಹಾರಿತು ನನಗೆ. ಬಿಳಿ ಮೈ, ಕರಿ ತಲೆ, ಉದ್ದ ಬಾಲ, ನೀರಿಗೆ ಧುಮುಕುವುದು, ಎಲ್ಲಾ ಸರಿಹೊಂದುತ್ತದೆ ಅಂತ ಎರಡು ದಿನ ಪುಸ್ತಕ ತಿರುವಿದೆ. ಆದರೆ ಅಡಿಕೆ ತೋಟದ ಅಷ್ಟು ಚಿಕ್ಕ ಕೆರೆಗೆ ರೀವ ಯಾಕೆ ಬರುತ್ತದೆ? ಎದ್ದಾಗ ಕೊಕ್ಕಿನಲ್ಲಿ ಏನಾದರೂ ಇತ್ತಾ? ಕೊಂಬೆ ಮೇಲೆ ಕೂತು ಏನು ಮಾಡಿತು? ಮೂರನೆಯ ದಿನ ಸರಿಯಾಗಿ ಕೂತು ನೋಡಿದೆ. ಕೊಕ್ಕು ಖಾಲಿ. ಕೊಂಬೆಯ ಮೇಲೆ ಕೂತು ಒಂದೊಂದೇ ಗರಿಯನ್ನು ಕೊಕ್ಕಿನಲ್ಲಿ ಎಳೆದು ಎಳೆದು ಸರಿಮಾಡಿಕೊಂಡಿತು, ಒದ್ದೆಯಾದ ಉದ್ದ ಬಾಲ ಅಂಟಿಕೊಂಡು ಒಂದೇ ದಾರದ ಹಾಗೆ ನೇತಾಡುತ್ತಿತ್ತು. ಮೀನು ಗೀನು ಏನೂ ಇಲ್ಲ, ರಾಜಹಕ್ಕಿಯ ಸಂಜೆ ಸ್ನಾನ.

ಒಳಗೆ ಹೋಗಿ ಅಮ್ಮನಿಗೆ ಹೇಳಿದೆ. ಒಲೆ ಮುಂದಿನಿಂದ ತಿರುಗಿ ಕೂಡ ನೋಡಲಿಲ್ಲ. "ಆ ಬಾಲದ್ದಾ? ದಿನಾ ಬರ್ತದಲ, ನಾನು ದೀಪ ಹಚ್ಚೋ ಹೊತ್ತಿಗೆ."